ಹಿತ್ತಿಲ ಟಬ್ಬಿನಲ್ಲಿ ಹುಳ ಹಿಡಿಯುವ ಗಿಡ

ಗಿಡಕ್ಕೆ ಹುಳ ಬಿದ್ದರೆ ನಾವೆಲ್ಲ ಬೇವಿನೆಣ್ಣೆ ಹುಡುಕುತ್ತೇವೆ. ಹುಳವನ್ನೇ ಹಿಡಿದು ತಿನ್ನುವ ಗಿಡ ಬೆಳೆಸೋಣವೇ ಅಂದರೆ ಏನನ್ನುತ್ತೀರಿ? ಶಾಲೆಗೆ ಹೋಗುವ ಮಕ್ಕಳಿರುವ ಮನೆಯಲ್ಲಿ ‘ಕೀಟಾಹಾರಿ ಸಸ್ಯ’ದ ಪಾಠ ನಿಮ್ಮ ಕಿವಿಗೂ ಬಿದ್ದಿರುತ್ತದೆ. ಅದೆಲ್ಲ ದೂರದೇಶದ ಕಾಡಿನದು ಅಂದುಕೊಳ್ಳಬೇಡಿ. ನಮ್ಮ ಕರಾವಳಿ, ಮಲೆನಾಡಿನ ಮುರಕಲ್ಲಿನ ಬಯಲುಗಳಲ್ಲಿ ಮಳೆ ಹಿಡಿದು ನೆಲ ಜಿನುಗತೊಡಗಿದ ಮೇಲೆ ಹುಲ್ಲಿನ ಸಂದಿಯಲ್ಲಿ ಡ್ರೊಸೆರಾ ಹುಟ್ಟುತ್ತದೆ. ಅದರಲ್ಲಿ ಬರ್ಮನ್ನಿ ಎಂಬ ಜಾತಿಯದು ನಾಣ್ಯದಗಲದ ಪುಟ್ಟ ಗಿಡ. ಬಿಸಿಲು ಬಿದ್ದಲ್ಲಿ ಕೆಂಪಗಾಗುತ್ತದೆ. ಎಲೆ ತುಂಬ ಕೂದಲು, ಕೂದಲ ತುದಿಗೊಂದು ಹನಿ. ಇಬ್ಬನಿಯ ಹಾಗೆ ಕಂಡರೂ ಅದು ಅಂಟು. ಸಣ್ಣ ನೊಣ ಬಂದು ಕೂತರೆ ಮುಗಿಯಿತು, ಅಂಚಿನ ಕೂದಲುಗಳು ಕೆಲವೇ ಕ್ಷಣದಲ್ಲಿ ಬಾಗಿ ಅದನ್ನು ಒಳಕ್ಕೆ ಎಳೆದುಕೊಳ್ಳುತ್ತವೆ.

ಹುಳ ಯಾಕೆ ಬೇಕು? ಆ ಜೌಗು ನೆಲದಲ್ಲಿ ಸಾರವಿಲ್ಲ, ಮಳೆನೀರು ಇದ್ದದ್ದನ್ನೂ ತೊಳೆದುಕೊಂಡು ಹೋಗಿರುತ್ತದೆ. ಬೇರಿಗೆ ಸಿಗದ ಸಾರಜನಕವನ್ನು ಗಿಡ ಎಲೆಯಿಂದ ಸಂಪಾದಿಸುತ್ತದೆ. ಇದನ್ನು ತಿಳಿದುಕೊಳ್ಳದೆ ನಾನು ಮೊದಲನೆಯ ಟಬ್ಬನ್ನು ಕೈಯಾರೆ ಕೊಂದೆ. ಮಲ್ಲಿಗೆಗೆ ಹಾಕುವ ಅಭ್ಯಾಸದಲ್ಲಿ ಅಕ್ಕಿ ತೊಳೆದ ನೀರು, ಒಂದು ಹಿಡಿ ಗೊಬ್ಬರ. ಹದಿನೈದು ದಿನದಲ್ಲಿ ಎಲ್ಲ ಕಪ್ಪಾಯಿತು. ಗೊಬ್ಬರ, ಟೀ ಚರಟ, ತೊಳೆದ ನೀರು ಯಾವುದೂ ಇದಕ್ಕೆ ಬೇಡ.

ಒಂದು ಅಡಿ ಆಳದ ಪ್ಲಾಸ್ಟಿಕ್ ಟಬ್ಬು ಸಾಕು. ಸಿಮೆಂಟಿನ ತೊಟ್ಟಿ ಬೇಡ, ಸುಣ್ಣದ ಅಂಶ ಬಿಡುತ್ತದೆ. ತಳಕ್ಕೆ ತೂತು ಮಾಡದೆ, ಅಂಚಿನಿಂದ ನಾಲ್ಕು ಬೆರಳು ಕೆಳಗೆ ಪಕ್ಕದಲ್ಲಿ ಎರಡು ತೂತು ಕೊರೆಯಿರಿ. ಜೋರು ಮಳೆ ಬಂದಾಗ ಹೆಚ್ಚಿನ ನೀರು ಅಲ್ಲಿಂದ ಹೋಗಲಿ. ಮೇಲೆ ನೀರು ನಿಲ್ಲಬಾರದು. ನಿಂತರೆ ಸೊಳ್ಳೆ ಮೊಟ್ಟೆ ಇಡುತ್ತದೆ, ಡೆಂಗೆಯ ಕಾಲದಲ್ಲಿ ಅದೊಂದು ತಲೆನೋವು.

ಒಳಗೆ ತುಂಬಲು ಗೊಬ್ಬರ ಬೆರೆಸದ ಪೀಟ್ ಮಾಸ್ ಒಂದು ಪಾಲು, ಚೆನ್ನಾಗಿ ತೊಳೆದ ಹೊಳೆಮರಳು ಒಂದು ಪಾಲು. ಸಮುದ್ರದ ಮರಳು ಉಪ್ಪಿನದು, ಮುಟ್ಟಬೇಡಿ. ನರ್ಸರಿಯವರು ಕೋಕೋಪೀಟ್ ಕೊಟ್ಟು ‘ಎಲ್ಲಾ ಒಂದೇ ಅಮ್ಮಾ’ ಅಂದಾರು. ಒಂದೇ ಅಲ್ಲ. ತೆಂಗಿನ ನಾರಿನ ಹುಡಿಯಲ್ಲಿ ಉಪ್ಪಿರುತ್ತದೆ. ಅದೇ ಗತಿಯಾದರೆ ಮಳೆನೀರಿನಲ್ಲಿ ನಾಲ್ಕಾರು ಸಲ ನೆನೆಸಿ ಹಿಂಡಿ ಬಳಸಿ. ಒಣಗಿದ ಪೀಟ್ ಸುಲಭಕ್ಕೆ ನೀರು ಕುಡಿಯುವುದಿಲ್ಲ. ರಾತ್ರಿಯೇ ನೆನೆಹಾಕಿ ಬೆಳಿಗ್ಗೆ ಕೈಯಲ್ಲಿ ಹಿಸುಕಿ, ಗಟ್ಟಿ ಅವಲಕ್ಕಿಯನ್ನು ಹದಕ್ಕೆ ತರುತ್ತೀರಲ್ಲ, ಹಾಗೆ.

ಇನ್ನು ನೀರು. ಸೋಲುವವರೆಲ್ಲ ಹೆಚ್ಚಾಗಿ ಸೋಲುವುದು ಇಲ್ಲೇ. ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದಲ್ಲ, ಆ ಲವಣವೇ ಈ ಗಿಡಕ್ಕೆ ವಿಷ. ಮಾಡಿನಿಂದ ಬೀಳುವ ಮಳೆನೀರನ್ನು ಡ್ರಮ್ಮಿಗೆ ಹಿಡಿದು, ಬಾಯಿಗೆ ಬಟ್ಟೆ ಕಟ್ಟಿಡಿ. ಅದು ಮುಗಿದರೆ ಆರ್‌ಓ ಯಂತ್ರದ ಶುದ್ಧ ನೀರು ಹಾಕಬಹುದು. ಪಕ್ಕದ ನಳಿಗೆಯಿಂದ ಹೊರಬೀಳುವ ನೀರು ಮಾತ್ರ ಖಂಡಿತ ಬೇಡ! ಲವಣವೆಲ್ಲ ಸೇರುವುದು ಅದರಲ್ಲೇ. ಆ ನೀರನ್ನು ನೆಲ ಒರೆಸಲು ಇಟ್ಟುಕೊಳ್ಳಿ.

ಟಬ್ಬು ಸದಾ ಒದ್ದೆಯಾಗಿರಬೇಕು, ದಿನಕ್ಕೆ ನಾಲ್ಕೈದು ಗಂಟೆ ಬಿಸಿಲು ಬೇಕು. ರಾಯಚೂರು, ಕಲಬುರಗಿ ಕಡೆಯವರು ಬೇಸಿಗೆಯ ಮಧ್ಯಾಹ್ನ ನೆರಳು ಮಾಡಿಕೊಡಿ.

ಯಾವ ಗಿಡ ಹಾಕಬೇಕು? ಮೊದಲಿಗೆ ಡ್ರೊಸೆರಾ ಬರ್ಮನ್ನಿಯೇ ವಾಸಿ. ಬೀಜ ಧೂಳಿನಷ್ಟು ಸಣ್ಣದು. ಮೇಲೆ ಉದುರಿಸಿದರೆ ಸಾಕು, ಮಣ್ಣು ಮುಚ್ಚಬೇಡಿ. ಪುಟ್ಟ ಬಿಳಿ ಹೂ ಬಿಟ್ಟು, ಬೀಜ ಉದುರಿಸಿ ತಾಯಿಗಿಡ ಸಾಯುತ್ತದೆ. ಗಾಬರಿಯಾಗಬೇಡಿ, ಅದೇ ಟಬ್ಬಿನಲ್ಲಿ ಮರಿಗಳೇಳುತ್ತವೆ. ಹೂಜಿ ಗಿಡ, ಅಂದರೆ ನೆಪೆಂಥಿಸ್, ಚೆಂದವೇನೋ ಹೌದು. ಆದರೆ ಜೌಗಿನಲ್ಲಿಟ್ಟರೆ ಬೇರು ಕೊಳೆಯುತ್ತದೆ, ಬೇರೆ ಕುಂಡದಲ್ಲಿ ತೂಗುಹಾಕಬೇಕು. ಚಿತ್ರಗಳಲ್ಲಿ ಬಾಯಿ ಮುಚ್ಚುವ ವೀನಸ್ ಫ್ಲೈಟ್ರ್ಯಾಪ್ ಅಮೆರಿಕದ ಕ್ಯಾರೊಲಿನಾ ಪ್ರಾಂತ್ಯದ್ದು. ಅದಕ್ಕೆ ಮೂರು ತಿಂಗಳ ಚಳಿಯ ನಿದ್ದೆ ಬೇಕು. ನಮ್ಮ ಬಯಲುಸೀಮೆಯ ಸೆಕೆಯಲ್ಲಿ ಅದಕ್ಕೆ ದುಡ್ಡು ಸುರಿಯಬೇಡಿ ಎಂದೇ ನನ್ನ ಸಲಹೆ.

ತವರಿಗೋ ಪ್ರವಾಸಕ್ಕೋ ಹೋದಾಗ ಮುರಕಲ್ಲಿನ ಬಯಲಿನಲ್ಲಿ ಕಂಡಿತೆಂದು ಕಿತ್ತು ತರಬೇಡಿ. ಬೀಜ ಉದುರುವ ಮೊದಲೇ ಕಿತ್ತರೆ ಬರುವ ವರ್ಷ ಆ ಜಾಗ ಬರಿದು. ಎಳೆಯಂಥ ಬೇರು ದಾರಿಯಲ್ಲೇ ಬಾಡಿ ನಿಮಗೂ ದಕ್ಕುವುದಿಲ್ಲ. ಬೀಜದಿಂದ ಬೆಳೆಸಿ ಮಾರುವವರಿದ್ದಾರೆ, ಅವರಲ್ಲಿ ಕೇಳಿ.

ಊಟ ಹಾಕುವ ಕೆಲಸ ನಿಮಗಿಲ್ಲ. 1875ರಲ್ಲಿ ಕೀಟಾಹಾರಿ ಗಿಡಗಳ ಬಗ್ಗೆ ಪುಸ್ತಕ ಬರೆದ ಚಾರ್ಲ್ಸ್ ಡಾರ್ವಿನ್ ಎಲೆಯ ಮೇಲೆ ಮಾಂಸದ ಚೂರು, ಹಾಲು, ಮೊಟ್ಟೆಯ ಬಿಳಿ ಎಲ್ಲ ಇಟ್ಟು ನೋಡಿದ್ದ. ಅವನದು ಪ್ರಯೋಗ, ಬಿಡಿ. ಮಕ್ಕಳು ಬಿಸ್ಕತ್ತು ತುರುಕಿದರೆ ಎಲೆಗೆ ಬೂಷ್ಟು ಬರುತ್ತದೆ. ಸಣ್ಣ ನೊಣ, ಗುಂಗುರು ತಾವೇ ಬಂದು ಬೀಳುತ್ತವೆ. ಹಾಗಂತ ಮನೆಯ ಸೊಳ್ಳೆಯೆಲ್ಲ ಹೋದೀತು ಅಂತ ಸೊಳ್ಳೆಪರದೆ ಬಿಚ್ಚಿಡಬೇಡಿ!

ಪಾಚಿ, ಹುಲ್ಲು ಎದ್ದರೆ ಚಿಮುಟದಿಂದ ಕೀಳುತ್ತಿರಿ. ಬೀಜ ಬಲಿತಾಗ ಒಂದಿಷ್ಟನ್ನು ಕಾಗದದ ಪೊಟ್ಟಣ ಕಟ್ಟಿ ತೆಗೆದಿಡಿ. ಪಕ್ಕದ ಮನೆಯವರು ಕೇಳದೆ ಇರುವುದಿಲ್ಲ.