ಆಸ್ಪತ್ರೆಯಲ್ಲಿ ಅಂಟುವ ನಂಜು: ರೋಗಿಗಳೂ ಬಂಧುಗಳೂ ತಿಳಿದಿರಬೇಕಾದ ವಿಷಯಗಳು

ಆಸ್ಪತ್ರೆಗೆ ಯಾರೂ ಇಷ್ಟಪಟ್ಟು ಬರುವುದಿಲ್ಲ. ಇರುವ ಕಾಯಿಲೆ ವಾಸಿಯಾಗಿ ಆದಷ್ಟು ಬೇಗ ಮನೆ ಸೇರಬೇಕೆಂಬುದೇ ಎಲ್ಲರ ಆಸೆ. ಆದರೆ ಕೆಲವೊಮ್ಮೆ ಒಂದು ಕಾಯಿಲೆಗೆಂದು ಬಂದವರಿಗೆ ಆಸ್ಪತ್ರೆಯಲ್ಲಿಯೇ ಇನ್ನೊಂದು ಕಾಯಿಲೆ ಅಂಟಿಕೊಳ್ಳುತ್ತದೆ. ಶಸ್ತ್ರಚಿಕಿತ್ಸೆ ಚೆನ್ನಾಗಿ ಆಗಿದ್ದರೂ ಹೊಲಿಗೆ ಹಾಕಿದ ಜಾಗದಲ್ಲಿ ಕೀವು ತುಂಬುತ್ತದೆ. ಸೊಂಟದ ಮೂಳೆ ಮುರಿದು ಮಲಗಿದ ಅಜ್ಜಿಗೆ ಮೂತ್ರದ ಸೋಂಕು ತಗುಲಿ ಜ್ವರ ಬರುತ್ತದೆ. ಇದನ್ನೇ ವೈದ್ಯರು ಆಸ್ಪತ್ರೆಯ ಸೋಂಕು ಎನ್ನುತ್ತಾರೆ. ನಮ್ಮ ಹಿರಿಯರ ಮಾತಿನಲ್ಲಿ ಹೇಳುವುದಾದರೆ ಇದು ನಂಜು.

ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ನಮ್ಮಂತಹ ಮಧ್ಯಮ ಹಾಗೂ ಕಡಿಮೆ ಆದಾಯದ ದೇಶಗಳ ಆಸ್ಪತ್ರೆಗಳಲ್ಲಿ ದಾಖಲಾಗುವ ಪ್ರತಿ 100 ರೋಗಿಗಳಲ್ಲಿ ಸುಮಾರು 15 ಮಂದಿಗೆ ಇಂತಹ ಒಂದಾದರೂ ಸೋಂಕು ತಗುಲುತ್ತದೆ. ಶ್ರೀಮಂತ ದೇಶಗಳಲ್ಲೂ ಈ ಸಂಖ್ಯೆ 7. ಸಮಾಧಾನದ ವಿಷಯವೆಂದರೆ, ಕೈಗಳ ಶುಚಿತ್ವ ಮತ್ತು ಇತರ ಸರಳ ಕ್ರಮಗಳನ್ನು ತಪ್ಪದೆ ಪಾಲಿಸಿದರೆ ಇವುಗಳಲ್ಲಿ ನೂರಕ್ಕೆ 70ರಷ್ಟನ್ನು ತಡೆಯಬಹುದೆಂದು ಅದೇ ವರದಿ ಹೇಳುತ್ತದೆ. ಆ ಕ್ರಮಗಳಲ್ಲಿ ಕೆಲವು ವೈದ್ಯರ ಮತ್ತು ದಾದಿಯರ ಕೆಲಸ. ಇನ್ನು ಕೆಲವು ರೋಗಿಯ ಹಾಗೂ ರೋಗಿಯ ಜೊತೆಗಿರುವವರ ಕೆಲಸ. ಈ ಬರಹ ಎರಡನೆಯದನ್ನು ಕುರಿತದ್ದು.

ಕೈಯೇ ಮೊದಲ ದಾರಿ

ರೋಗಾಣುಗಳಿಗೆ ಕಾಲಿಲ್ಲ, ರೆಕ್ಕೆಯಿಲ್ಲ. ಒಬ್ಬರಿಂದ ಒಬ್ಬರಿಗೆ ಅವನ್ನು ಹೆಚ್ಚಾಗಿ ಹೊತ್ತೊಯ್ಯುವುದು ನಮ್ಮ ಕೈಗಳು. ಈ ಸತ್ಯ ಗೊತ್ತಾದದ್ದು 1847ರಲ್ಲಿ. ವಿಯೆನ್ನಾ ನಗರದ ದೊಡ್ಡಾಸ್ಪತ್ರೆಯ ಒಂದು ಹೆರಿಗೆ ವಿಭಾಗದಲ್ಲಿ ಬಾಣಂತಿಯರು ನಂಜಿನ ಜ್ವರದಿಂದ ಸಾಯುತ್ತಿದ್ದರು. ಆ ವರ್ಷದ ಏಪ್ರಿಲ್‌ನಲ್ಲಂತೂ ನೂರಕ್ಕೆ 18 ಮಂದಿ ತೀರಿಕೊಂಡರು. ಅಲ್ಲಿನ ವೈದ್ಯ ಸೆಮ್ಮೆಲ್‌ವೈಸ್ ಒಂದು ಸಂಗತಿ ಗಮನಿಸಿದರು. ವೈದ್ಯರೂ ವಿದ್ಯಾರ್ಥಿಗಳೂ ಶವಪರೀಕ್ಷೆ ಮಾಡಿದ ಕೈಯಲ್ಲೇ ಬಂದು ಹೆರಿಗೆ ಮಾಡಿಸುತ್ತಿದ್ದರು. ಕ್ಲೋರಿನ್ ಬೆರೆಸಿದ ನೀರಿನಲ್ಲಿ ಕೈ ತೊಳೆದ ನಂತರವೇ ಒಳಗೆ ಬರಬೇಕೆಂದು ಅವರು ಕಡ್ಡಾಯ ಮಾಡಿದರು. ಕೆಲವೇ ತಿಂಗಳಲ್ಲಿ ಸಾವು ನೂರಕ್ಕೆ 2ರ ಆಸುಪಾಸಿಗೆ ಇಳಿಯಿತು. ಹೊಸ ಔಷಧಿಯಿಲ್ಲ, ಹೊಸ ಯಂತ್ರವಿಲ್ಲ, ಬರೀ ಕೈ ತೊಳೆದದ್ದು ಅಷ್ಟೇ.

ಕೈ ತೊಳೆಯುವುದೆಂದರೆ ನೀರಿಗೆ ಕೈ ಒಡ್ಡುವುದಲ್ಲ. ಸೋಪು ಹಚ್ಚಿ ಅಂಗೈ, ಹಿಂಗೈ, ಬೆರಳ ಸಂದು, ಹೆಬ್ಬೆರಳು, ಉಗುರಿನ ತುದಿ ಎಲ್ಲವನ್ನೂ ಉಜ್ಜಿ ತೊಳೆದು ಒರೆಸಿಕೊಳ್ಳಲು 40ರಿಂದ 60 ಸೆಕೆಂಡು ಬೇಕು. ಸ್ಯಾನಿಟೈಸರ್ ಆದರೆ 20ರಿಂದ 30 ಸೆಕೆಂಡು, ಅದು ಒಣಗುವವರೆಗೆ ಉಜ್ಜಬೇಕು. ಕೈಗೆ ಕೊಳೆ, ರಕ್ತ, ಮಲಮೂತ್ರ ತಾಗಿದ್ದರೆ ಅಥವಾ ರೋಗಿಗೆ ಭೇದಿ ಆಗುತ್ತಿದ್ದರೆ ಸ್ಯಾನಿಟೈಸರ್ ಸಾಲದು, ಸೋಪು ಮತ್ತು ನೀರೇ ಆಗಬೇಕು.

ಜೊತೆಗಿರುವವರು ಕೈ ತೊಳೆಯಬೇಕಾದ ಸಮಯಗಳು ಇವು:

1. ವಾರ್ಡಿನೊಳಗೆ ಬರುವಾಗ ಮತ್ತು ಹೊರಗೆ ಹೋಗುವಾಗ.
2. ರೋಗಿಗೆ ಊಟ, ಗಂಜಿ, ಮಾತ್ರೆ ಕೊಡುವ ಮೊದಲು.
3. ಬೆಡ್‌ಪ್ಯಾನ್ ಇಟ್ಟು ತೆಗೆದ ನಂತರ, ಬಟ್ಟೆ ಬದಲಾಯಿಸಿದ ನಂತರ, ವಾಂತಿ ಕಫ ಒರೆಸಿದ ನಂತರ.
4. ಶೌಚಾಲಯಕ್ಕೆ ಹೋಗಿ ಬಂದ ಮೇಲೆ.
5. ಪಕ್ಕದ ಹಾಸಿಗೆಯ ರೋಗಿಗೆ ಸಹಾಯ ಮಾಡುವ ಮೊದಲು ಮತ್ತು ಮಾಡಿದ ಮೇಲೆ.

ಐದನೆಯದನ್ನು ವಿಶೇಷವಾಗಿ ನೆನಪಿಡಿ. ಪಕ್ಕದ ಹಾಸಿಗೆಯವರಿಗೆ ನೀರು ಕುಡಿಸುವುದು, ಎದ್ದು ಕೂರಲು ಕೈ ಕೊಡುವುದು ನಮ್ಮ ಜನರ ದೊಡ್ಡ ಗುಣ. ಆ ಗುಣ ಉಳಿಯಲಿ, ಕೈ ಮಾತ್ರ ತೊಳೆದಿರಲಿ.

ನೆರೆಯ ನಾಡಿನಲ್ಲಿ ನಡೆದದ್ದು

ಕೊಡಗಿನವರು ಚಿಕಿತ್ಸೆಗೆಂದು ಮೈಸೂರು, ಮಂಗಳೂರುಗಳಿಗೆ ಹೋಗುವಂತೆ ಮಾಕುಟ್ಟದ ದಾರಿಯಾಗಿ ಕೇರಳಕ್ಕೂ ಹೋಗುತ್ತಾರೆ. ಆ ಕೇರಳದ ಕೋಝಿಕ್ಕೋಡ್ ಜಿಲ್ಲೆಯಲ್ಲಿ 2018ರ ಮೇ ತಿಂಗಳಲ್ಲಿ ನಿಪಾ ಕಾಣಿಸಿಕೊಂಡಿತು. ಬಾವಲಿಗಳಲ್ಲಿ ಇರುವ ವೈರಾಣು ಅದು. ಬಾವಲಿಯಿಂದ ನೇರವಾಗಿ ಸೋಂಕು ಬಂದದ್ದು ಮೊದಲ ರೋಗಿಗೆ ಮಾತ್ರ ಎಂದು ತಜ್ಞರ ಅಭಿಪ್ರಾಯ. ಉಳಿದವರಲ್ಲಿ ಹೆಚ್ಚಿನವರಿಗೆ ಸೋಂಕು ತಗುಲಿದ್ದು ಆಸ್ಪತ್ರೆಗಳಲ್ಲಿಯೇ. ರೋಗಿಯ ಆರೈಕೆ ಮಾಡಿದವರು, ಅದೇ ವಾರ್ಡಿನಲ್ಲಿ ಬೇರೆ ಕಾಯಿಲೆಗೆ ಮಲಗಿದ್ದವರು, ಅವರ ಜೊತೆಗಿದ್ದವರು, ಸ್ಕ್ಯಾನಿಂಗ್ ಕೋಣೆಯ ಹೊರಗಿನ ಓಣಿಯಲ್ಲಿ ಸರದಿಗಾಗಿ ಕಾದಿದ್ದವರು ರೋಗಕ್ಕೆ ತುತ್ತಾದರು. ಪೆರಾಂಬ್ರಾ ತಾಲೂಕು ಆಸ್ಪತ್ರೆಯಲ್ಲಿ ರೋಗಿಯ ಶುಶ್ರೂಷೆ ಮಾಡಿದ್ದ ದಾದಿ ಲಿನಿ ಅವರು ಮೇ 21ರಂದು ಪ್ರಾಣ ಬಿಟ್ಟರು.

ರೋಗಿಗಳನ್ನು ಪ್ರತ್ಯೇಕವಾಗಿ ಇಟ್ಟು, ಅವರ ಹತ್ತಿರ ಹೋಗಿದ್ದವರನ್ನು ಹುಡುಕಿ ನಿಗಾ ಇಟ್ಟು, ಮಾಸ್ಕು ಕೈಗವಸು ಕಡ್ಡಾಯ ಮಾಡಿದ ಮೇಲೆ ರೋಗ ಹತೋಟಿಗೆ ಬಂತು. ಎರಡು ವರ್ಷದ ನಂತರ, 2020ರ ಮಾರ್ಚ್‌ನಲ್ಲಿ, ಕೊರೋನಾ ಕೊಡಗಿಗೂ ಬಂದಾಗ ಇದೇ ಪಾಠವನ್ನು ನಾವೆಲ್ಲರೂ ಕಲಿತೆವು. ಆಗ ಕಲಿತದ್ದನ್ನು ಈಗ ಮರೆಯುವುದು ಬೇಡ.

ನೋಡಲು ಬರುವ ಬಂಧುಗಳಿಗೆ

ಕಾಯಿಲೆಯವರನ್ನು ನೋಡಿ ಬರುವುದು ನಮ್ಮಲ್ಲಿ ಕರ್ತವ್ಯವೆಂದೇ ಭಾವಿಸಿದ್ದೇವೆ. ಜೀಪು ತುಂಬ ಜನ ಬಂದು ಹಾಸಿಗೆಯ ಸುತ್ತ ನಿಂತರೆ ಮಾತ್ರ ರೋಗಿಗೆ ಅಪಾಯ. ಆದ್ದರಿಂದ,

ಒಮ್ಮೆಗೆ ಒಬ್ಬರು ಅಥವಾ ಇಬ್ಬರು ಮಾತ್ರ ಒಳಗೆ ಬನ್ನಿ. ಶೀತ, ಕೆಮ್ಮು, ಜ್ವರ, ಭೇದಿ, ಕಣ್ಣುಬೇನೆ ಇದ್ದವರು ಬರಬೇಡಿ. ಫೋನ್ ಮಾಡಿ ವಿಚಾರಿಸಿದರೂ ಪ್ರೀತಿ ಕಡಿಮೆಯಾಗುವುದಿಲ್ಲ. ಚಿಕ್ಕ ಮಕ್ಕಳನ್ನು ಕರೆತರಬೇಡಿ. ರೋಗಿಯ ಹಾಸಿಗೆಯ ಮೇಲೆ ಕೂರಬೇಡಿ. ಮಳೆಗಾಲದಲ್ಲಿ ಒದ್ದೆ ಕೊಡೆ, ಕೆಸರಿನ ಚಪ್ಪಲಿಗಳನ್ನು ಹೊರಗೇ ಬಿಡಿ. ಒದ್ದೆ ಬಟ್ಟೆಗಳನ್ನು ಮಂಚದ ಸರಳಿಗೆ ಒಣಹಾಕಬೇಡಿ.

ತೀರ್ಥ ಪ್ರಸಾದ ತಂದಿದ್ದರೆ ದಾದಿಯರನ್ನು ಕೇಳಿಯೇ ಕೊಡಿ. ಶಸ್ತ್ರಚಿಕಿತ್ಸೆಗೆ ಮುನ್ನ ಹೊಟ್ಟೆ ಖಾಲಿ ಇರಬೇಕಾದವರಿಗೆ ಒಂದು ಗುಟುಕೂ ಕೊಡಬಾರದು. ವಿಭೂತಿಯನ್ನು ಹಣೆಗೆ ಹಚ್ಚಿ, ಗಾಯಕ್ಕೆ ಹಚ್ಚಬೇಡಿ. ದಾರ, ತಾಯಿತಗಳನ್ನು ಗ್ಲೂಕೋಸ್ ಸೂಜಿ ಇರುವ ಕೈಗೆ ಕಟ್ಟಬೇಡಿ.

ಬಾಣಂತಿ ಮತ್ತು ಕೂಸು

ಹುಟ್ಟಿದ ಕೂಸಿಗೆ ರೋಗ ತಡೆಯುವ ಶಕ್ತಿ ಇನ್ನೂ ಬಲಿತಿರುವುದಿಲ್ಲ. ಬಂದವರೆಲ್ಲರೂ ಎತ್ತಿಕೊಂಡು ಮುತ್ತು ಕೊಡುವುದು ಬೇಡ. ತಾಯಿ, ಅಜ್ಜಿ ಯಾರೇ ಎತ್ತಿಕೊಂಡರೂ ಮೊದಲು ಕೈ ತೊಳೆಯಿರಿ. ಹೊಕ್ಕುಳ ಬಳ್ಳಿಗೆ ಬೂದಿ, ಅರಿಶಿನ, ಎಣ್ಣೆ ಏನನ್ನೂ ಹಚ್ಚದೆ ಒಣಗಲು ಬಿಡಿ. ಅಲ್ಲಿ ಕೆಂಪಾದರೆ, ವಾಸನೆ ಬಂದರೆ, ಕೂಸು ಹಾಲು ಕುಡಿಯದಿದ್ದರೆ ತಡಮಾಡದೆ ತಿಳಿಸಿ. ತಾಯಿಯ ಹಾಲೇ ಕೂಸಿಗೆ ಮೊದಲ ರಕ್ಷೆ. ಮೊದಲ ದಿನಗಳ ಗಿಣ್ಣುಹಾಲನ್ನು ಹಿಂಡಿ ಚೆಲ್ಲಬೇಡಿ.

ನಳಿಕೆ, ಸೂಜಿ, ಹೊಲಿಗೆ

ಚರ್ಮ ನಮ್ಮ ದೇಹದ ಕೋಟೆ. ನಳಿಕೆ ಹಾಕಿದ ಕಡೆ ಕೋಟೆಗೆ ಒಂದು ಕಿಂಡಿ ಬಿದ್ದಂತೆ. ಕೈಯಲ್ಲಿ ಗ್ಲೂಕೋಸ್ ಸೂಜಿ ಹಾಕಿದ ಜಾಗ ಕೆಂಪಾದರೆ, ಊದಿಕೊಂಡರೆ, ನೋವಾದರೆ ಕೂಡಲೇ ಹೇಳಿ. ಬಾಟಲಿ ಮುಗಿದರೆ ನೀವೇ ಬಿಚ್ಚಬೇಡಿ. ಮೂತ್ರದ ಚೀಲ ಸದಾ ರೋಗಿಯ ಸೊಂಟಕ್ಕಿಂತ ಕೆಳಗಿರಲಿ, ಆದರೆ ನೆಲಕ್ಕೆ ತಾಗದಿರಲಿ. ಚೀಲವನ್ನು ಮೇಲೆತ್ತಿದರೆ ಮೂತ್ರ ಹಿಂದಕ್ಕೆ ಹರಿದು ರೋಗಾಣುಗಳನ್ನೂ ಒಳಗೆ ಒಯ್ಯಬಹುದು. ನಳಿಕೆ ಇನ್ನೂ ಬೇಕೇ ಎಂದು ದಿನವೂ ಕೇಳಿ. ಬೇಡವಾದ ದಿನವೇ ತೆಗೆಸುವುದು ಒಳ್ಳೆಯದು.

ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಅಥವಾ ಅದೇ ದಿನ ಸೋಪು ಹಚ್ಚಿ ಸ್ನಾನ ಮಾಡಿ. ಮನೆಯಲ್ಲಿ ರೇಜರ್‌ನಿಂದ ಕೂದಲು ಬೋಳಿಸಿಕೊಂಡು ಬರಬೇಡಿ. ಕಣ್ಣಿಗೆ ಕಾಣದ ಸಣ್ಣ ಗೀರುಗಳಲ್ಲಿಯೇ ನಂಜು ಸೇರುತ್ತದೆ. ಬ್ಯಾಂಡೇಜು ಬಿಚ್ಚಿ ಹೊಲಿಗೆ ನೋಡುವ ಕುತೂಹಲ ಬೇಡ. ಸಕ್ಕರೆ ಕಾಯಿಲೆ ಇದ್ದರೆ ಮರೆಮಾಚದೆ ಹೇಳಿ. ಬೀಡಿ ಸಿಗರೇಟು ಬಿಟ್ಟಷ್ಟೂ ಗಾಯ ಬೇಗ ಮಾಯುತ್ತದೆ.

ಇಂಜೆಕ್ಷನ್ ಕೊಡುವಾಗ ಹೊಸ ಸಿರಿಂಜು, ಹೊಸ ಸೂಜಿ ನಿಮ್ಮೆದುರಿಗೇ ಬಿಚ್ಚಲಿ. ಬಳಸಿದ ಸೂಜಿಯಿಂದ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಮತ್ತು ಎಚ್‌ಐವಿ ಹರಡಬಹುದು. ತೋಟದ ಕೆಲಸ ತಪ್ಪಬಾರದೆಂದು ಸಣ್ಣ ಜ್ವರಕ್ಕೂ "ಒಂದು ಸೂಜಿ ಹಾಕಿಬಿಡಿ ಡಾಕ್ಟ್ರೇ" ಎಂದು ಕೇಳುವವರಿದ್ದಾರೆ. ಮಾತ್ರೆಯಲ್ಲಿ ಹೋಗುವ ಕಾಯಿಲೆಗೆ ಸೂಜಿ ಬೇಕಿಲ್ಲ. ಶೀತ ನೆಗಡಿಗೆ ಆ್ಯಂಟಿಬಯೋಟಿಕ್ ಕೂಡ ಬೇಕಿಲ್ಲ. ಬೇಡದ ಕಡೆ ಬಳಸಿದರೆ ರೋಗಾಣುಗಳು ಅದಕ್ಕೆ ಬಗ್ಗದಂತಾಗಿ, ನಿಜವಾಗಿ ಬೇಕಾದ ದಿನ ಔಷಧಿ ಕೆಲಸ ಮಾಡುವುದಿಲ್ಲ.

ಚಳಿಯಾದರೂ ಕಿಟಕಿ ತೆರೆದಿರಲಿ

ಕೊಡಗಿನ ಮಳೆ ಚಳಿಗೆ ಎಲ್ಲ ಕಿಟಕಿಗಳನ್ನೂ ಮುಚ್ಚಿ ಮಲಗುವುದು ರೂಢಿ. ಆದರೆ ಕ್ಷಯದ ರೋಗಾಣುಗಳು ಕೆಮ್ಮಿದಾಗ ಹೊರಬಂದು ಮುಚ್ಚಿದ ಕೋಣೆಯ ಗಾಳಿಯಲ್ಲಿ ಗಂಟೆಗಟ್ಟಲೆ ತೇಲುತ್ತಿರುತ್ತವೆ. ಗಾಳಿ ಆಡಿದರೆ ಚದುರಿಹೋಗುತ್ತವೆ. ರೋಗಿಗೆ ಇನ್ನೊಂದು ಕಂಬಳಿ ಹೊದಿಸಿ, ಕಿಟಕಿಯನ್ನು ಸ್ವಲ್ಪವಾದರೂ ತೆರೆದಿಡಿ. ಕೆಮ್ಮುವಾಗ ಕರವಸ್ತ್ರ ಅಥವಾ ಮೊಣಕೈ ಅಡ್ಡ ಹಿಡಿಯಿರಿ. ಎಲೆಅಡಿಕೆ ಜಗಿದು ಮೂಲೆಯಲ್ಲಿ ಉಗುಳಬೇಡಿ. ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಕ್ಷಯದ ಪರೀಕ್ಷೆಯೂ ಔಷಧಿಯೂ ಉಚಿತ.

ಬಣ್ಣದ ಡಬ್ಬಿಗಳು

ವಾರ್ಡಿನಲ್ಲಿ ಕಾಣುವ ಬಣ್ಣದ ಡಬ್ಬಿಗಳು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ಇಟ್ಟವು. ರಕ್ತ ಕೀವು ತಾಗಿದ ಹತ್ತಿ ಬಟ್ಟೆಗೆ ಹಳದಿ, ಪ್ಲಾಸ್ಟಿಕ್ ನಳಿಕೆಗಳಿಗೆ ಕೆಂಪು, ಸೂಜಿ ಬ್ಲೇಡುಗಳಿಗೆ ಬಿಳಿ, ಗಾಜಿನ ಸೀಸೆಗಳಿಗೆ ನೀಲಿ. ಬಾಳೆಹಣ್ಣಿನ ಸಿಪ್ಪೆ, ಊಟದ ಎಲೆಗಳನ್ನು ಇವುಗಳಲ್ಲಿ ಹಾಕಬೇಡಿ. ಅದಕ್ಕೆ ಬೇರೆ ಬುಟ್ಟಿ ಇರುತ್ತದೆ. ನೆಲದ ಮೇಲೆ ಸೂಜಿ ಕಂಡರೆ ಮುಟ್ಟದೆ ದಾದಿಯರಿಗೆ ತೋರಿಸಿ. ತಪ್ಪು ಡಬ್ಬಿಗೆ ಬಿದ್ದ ಒಂದು ಸೂಜಿ, ಕಸ ಎತ್ತುವ ತಾಯಿಯ ಕೈಗೆ ಚುಚ್ಚಬಹುದು. ಅವರಿಗೂ ಮನೆಯಿದೆ, ಮಕ್ಕಳಿದ್ದಾರೆ.

ಕೇಳಲು ಸಂಕೋಚ ಬೇಡ

ಕೊನೆಯದಾಗಿ ಒಂದು ಮಾತು. ನಿಮ್ಮನ್ನು ಮುಟ್ಟುವ ಮೊದಲು ವೈದ್ಯರೋ ದಾದಿಯರೋ ಕೈ ತೊಳೆದದ್ದು ನಿಮಗೆ ಕಾಣದಿದ್ದರೆ, "ಕೈ ತೊಳೆದಿದ್ದೀರಾ?" ಎಂದು ವಿನಯದಿಂದ ಕೇಳಿ. ಅದು ಅಗೌರವವಲ್ಲ. ಕೆಲಸದ ಒತ್ತಡದಲ್ಲಿ ಯಾರಿಗಾದರೂ ಮರೆವು ಬರಬಹುದು. ನೀವು ನೆನಪಿಸಿದರೆ ನಿಮಗೂ ಒಳ್ಳೆಯದು, ಮುಂದಿನ ಹಾಸಿಗೆಯವರಿಗೂ ಒಳ್ಳೆಯದು. ಹಾಗೆಯೇ ದಾದಿಯರು ನಿಮಗೆ "ಹೊರಗೆ ಇರಿ", "ಕೈ ತೊಳೆದು ಬನ್ನಿ" ಎಂದರೆ ಬೇಸರಿಸಬೇಡಿ.

ಮನೆಗೆ ಹೋದ ಮೇಲೆ ಜ್ವರ ಬಂದರೆ, ಹೊಲಿಗೆಯಲ್ಲಿ ಕೀವು, ಊತ, ಹೆಚ್ಚು ನೋವು ಕಂಡರೆ ಮರುಭೇಟಿಯ ದಿನಕ್ಕೆ ಕಾಯದೆ ಬನ್ನಿ. ಒಬ್ಬರ ಕೈ ಶುಚಿಯಾಗಿದ್ದರೆ ಹತ್ತು ಮಂದಿಯ ಆರೋಗ್ಯ ಉಳಿಯುತ್ತದೆ. ತಾವು ಬೇಗ ಗುಣಮುಖರಾಗಿ ಮನೆ ಸೇರಿರಿ, ಈ ನಾಲ್ಕು ಮಾತುಗಳನ್ನು ನೆರೆಹೊರೆಯವರಿಗೂ ತಿಳಿಸಿರಿ.