ತೆಳು ತಳದ ಪಿಜ್ಜಾ ಎಷ್ಟು ಹಗುರ?

ಮೈಸೂರಿನಲ್ಲೂ ಪಿಜ್ಜಾ ಈಗ ಪರಿಚಿತ ತಿನಿಸಾಗಿದ್ದು, ತೆಳು ತಳದ್ದು ಹಗುರವೆಂಬ ನಂಬಿಕೆ ಅರ್ಧ ಮಾತ್ರ ಸರಿ. ತಳ ತೆಳುವಾದಾಗ ಮೈದಾ, ಅಂದರೆ ತವುಡು ತೆಗೆದ ನುಣ್ಣನೆಯ ಗೋಧಿಹಿಟ್ಟು, ಕಡಿಮೆಯಾಗುತ್ತದೆಯಾದರೂ ಚೀಸಿನ ಪಾಲು ಹೆಚ್ಚುವುದರಿಂದ, ತೂಕಕ್ಕೆ ತೂಕ ಹೋಲಿಸಿದರೆ ಕೊಬ್ಬು ಏರುವುದೇ ಹೆಚ್ಚು. ತಯಾರಿಕೆಗೆ ತಕ್ಕಂತೆ ವ್ಯತ್ಯಾಸವಿದ್ದರೂ, 100 ಗ್ರಾಂ ಚೀಸ್ ಪಿಜ್ಜಾದಲ್ಲಿ ಸುಮಾರು 300 ಕಿಲೋಕ್ಯಾಲರಿ ಶಕ್ತಿ, 13 ಗ್ರಾಂ ಪ್ರೋಟೀನು, 14 ಗ್ರಾಂ ಕೊಬ್ಬು, 200 ಮಿಲಿಗ್ರಾಂಗೂ ಮಿಕ್ಕ ಕ್ಯಾಲ್ಸಿಯಂ ಇರುತ್ತವೆ. ಇವುಗಳಲ್ಲಿ ಕ್ಯಾಲ್ಸಿಯಂ ನಿಜವಾದ ಲಾಭ. ಚಿಂತಿಸಬೇಕಾದದ್ದು ಉಪ್ಪಿನ ಘಟಕವಾದ ಸೋಡಿಯಂ: ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ದಿನಕ್ಕೆ 2,000 ಮಿಲಿಗ್ರಾಂ ಮಿತಿ ಹಾಕಿದ್ದು, ಅಷ್ಟೇ ಪಿಜ್ಜಾ ಅದರ ಮೂರನೇ ಒಂದರಷ್ಟನ್ನು ಮುಗಿಸಬಲ್ಲದು. ನಾರಿನ ಕೊರತೆಯನ್ನಾದರೋ ಜೊತೆಗಿಟ್ಟ ಒಂದು ಬಟ್ಟಲು ಕೋಸಂಬರಿ ಸ್ವಲ್ಪಮಟ್ಟಿಗೆ ತುಂಬುತ್ತದೆ.