ತಾಲ್ಲೂಕುಗಳನ್ನು ತೂಗಿದ ಸಲಹೆಗಾರ

ಬೆಂಗಳೂರು–ಮೈಸೂರು ಹಳೆ ಹೆದ್ದಾರಿಯಲ್ಲಿ ಚನ್ನಪಟ್ಟಣ ದಾಟಿ ನಿಡಘಟ್ಟ ಬಂತೆಂದರೆ ಮಂಡ್ಯ ಜಿಲ್ಲೆ. ಅಲ್ಲಿಂದ ಮದ್ದೂರು ಮುಟ್ಟುವುದಕ್ಕೆ ಮೊದಲೇ ಸಿಗುವ ಊರು ಸೋಮನಹಳ್ಳಿ. 1932ರ ಮೇ 1ರಂದು ಮುಂದೆ ಮುಖ್ಯಮಂತ್ರಿಯಾದ ಎಸ್.ಎಂ. ಕೃಷ್ಣ ಹುಟ್ಟಿದ್ದು ಇಲ್ಲಿ. 2024ರ ಡಿಸೆಂಬರ್ 11ರಂದು ಸಕಲ ಸರ್ಕಾರಿ ಗೌರವಗಳೊಂದಿಗೆ ಅವರನ್ನು ಕಳಿಸಿಕೊಟ್ಟಿದ್ದೂ ಇಲ್ಲೇ. ಅವರ ಆಡಳಿತದ ಮಾತು ಬಂದಾಗಲೆಲ್ಲ ಜನ ಐ.ಟಿ. ಬೆಂಗಳೂರನ್ನು, ಯಶಸ್ವಿನಿಯನ್ನು, ಬಿಸಿಯೂಟವನ್ನು, ಪಹಣಿಯನ್ನು ಕಂಪ್ಯೂಟರಿಗೆ ಏರಿಸಿದ ‘ಭೂಮಿ’ಯನ್ನು ನೆನೆಯುತ್ತಾರೆ. ನನ್ನ ಲೆಕ್ಕದಲ್ಲಿ ಇವುಗಳ ಸಾಲಿನಲ್ಲಿ ನಿಲ್ಲಬೇಕಾದ ಇನ್ನೊಂದು ಕೆಲಸವಿದೆ. 2000ದ ಅಕ್ಟೋಬರಿನಲ್ಲಿ ಅವರ ಸರ್ಕಾರ ಹೊರಡಿಸಿದ ಒಂದು ಆದೇಶ ಅದು. ಅದರಿಂದ ಹುಟ್ಟಿದ ವರದಿಗೆ ಮುಖ್ಯಮಂತ್ರಿಯ ಹೆಸರು ಅಂಟಲಿಲ್ಲ, ಸಲಹೆಗಾರನ ಹೆಸರು ಅಂಟಿತು: ನಂಜುಂಡಪ್ಪ ವರದಿ.

ಸರ್ಕಾರಿ ವರದಿಗಳನ್ನು ಜನ ಸಾಮಾನ್ಯವಾಗಿ ಹೆಸರಿಟ್ಟು ಕರೆಯುವುದಿಲ್ಲ. ವಿಧಾನಸೌಧದಲ್ಲಿ ಮಂಡನೆಯಾಗಿ, ಒಂದು ದಿನ ಪತ್ರಿಕೆಯ ಮುಖಪುಟದಲ್ಲಿ ಬಂದು, ಕಪಾಟು ಸೇರಿದವೇ ಹೆಚ್ಚು. ಜಾತಿ ಮೀಸಲಾತಿಯಲ್ಲಿ ಹಾವನೂರು ವರದಿ ಮಾತ್ರ ಹೆಸರಿನಿಂದಲೇ ಮಾತಿಗೆ ಸಿಕ್ಕಿತು, ಭಾಷೆಯಲ್ಲಿ ಗೋಕಾಕ್ ವರದಿ. ಊರು–ಸೀಮೆಗಳ ಅನ್ಯಾಯದ ವಿಷಯದಲ್ಲಿ ನಂಜುಂಡಪ್ಪ ವರದಿ. ದೇವದುರ್ಗದ, ಜೇವರ್ಗಿಯ ಹೋರಾಟಗಾರರು ಮನವಿ ಪತ್ರ ಬರೆದರೆ ಎರಡನೇ ಸಾಲಿನಲ್ಲೇ ಆ ಹೆಸರು ಬರುತ್ತದೆ.

ಡಾ. ಡಿ.ಎಂ. ನಂಜುಂಡಪ್ಪ ಅವರದು ಮೇಷ್ಟರ ದಾರಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಅಲ್ಲಿಂದ ರಾಜ್ಯ ಸರ್ಕಾರದ ಆರ್ಥಿಕ ಸಲಹೆಗಾರರಾದರು. ಕರ್ನಾಟಕ ವಿಶ್ವವಿದ್ಯಾಲಯಕ್ಕೂ ಬೆಂಗಳೂರು ವಿಶ್ವವಿದ್ಯಾಲಯಕ್ಕೂ ಕುಲಪತಿಗಳಾದರು. ರಾಜ್ಯ ಯೋಜನಾ ಮಂಡಳಿಯ ಉಪಾಧ್ಯಕ್ಷರಾದರು. ಮುಖ್ಯಮಂತ್ರಿಗಳು ಬಂದರು, ಹೋದರು, ಪಕ್ಷಗಳು ಬದಲಾದವು, ಕಡತದ ಪಕ್ಕದಲ್ಲಿ ಈ ಅರ್ಥಶಾಸ್ತ್ರಜ್ಞ ಉಳಿದರು. ಇಂಥ ಹುದ್ದೆಗೆ ಮತ ಬೇಕಿಲ್ಲ, ಆದರೆ ಅಧಿಕಾರವೂ ಇಲ್ಲ. ಹೇಳಬಹುದು, ಮಾಡಿಸಲಾಗದು. ಹೇಳಿದ್ದನ್ನು ಯಾರೂ ತಳ್ಳಿಹಾಕಲಾಗದ ಹಾಗೆ ಹೇಳುವುದೊಂದೇ ಸಲಹೆಗಾರನ ಕೈಯಲ್ಲಿರುವ ಬಲ. ನಂಜುಂಡಪ್ಪನವರ ಇಡೀ ವೃತ್ತಿಜೀವನದ ಸಾರ ಆ ಒಂದು ವರದಿಯ ಕಟ್ಟಡದಲ್ಲಿ ಕಾಣುತ್ತದೆ ಎಂದೇ ನನ್ನ ನಂಬಿಕೆ.

ಮಂಡ್ಯದವರಿಗೆ ಸಲಹೆಗಾರನ ಬೆಲೆಯನ್ನು ಬೇರೆಯವರು ಹೇಳಿಕೊಡಬೇಕಿಲ್ಲ. 1908ರಲ್ಲಿ ಕೆನಡಾದಿಂದ ಮೈಸೂರು ಸಂಸ್ಥಾನಕ್ಕೆ ಕೀಟ ಮತ್ತು ಶಿಲೀಂಧ್ರ ರೋಗಗಳ ತಜ್ಞನಾಗಿ ಬಂದ ಲೆಸ್ಲಿ ಕೋಲ್ಮನ್ ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾಗಿ, ಕನ್ನಂಬಾಡಿಯ ನೀರು ನಾಲೆಗೆ ಬರುವ ಹೊತ್ತಿಗೆ ಇಲ್ಲಿ ಕಬ್ಬು ಬೆಳೆಸಿ ಸಕ್ಕರೆ ಮಾಡಬೇಕೆಂದು ಒತ್ತಿ ಹೇಳಿದವರು. ಮೈಷುಗರ್ ಕಂಪನಿ 1933ರಲ್ಲಿ ಸ್ಥಾಪನೆಯಾಯಿತು. ಮಂಡ್ಯ ಜಿಲ್ಲೆಯಾಗಿದ್ದು ಅದಾದ ಮೇಲೆ, 1939ರಲ್ಲಿ. ಒಂದು ಸಲಹೆ ಸರಿಯಾದ ಸಮಯಕ್ಕೆ ದಿವಾನರ ಕಿವಿಗೆ ಬಿದ್ದರೆ ಸೀಮೆಯ ಹಣೆಬರಹ ಬದಲಾಗುತ್ತದೆ ಎಂಬುದನ್ನು ಕಂಡು ಬೆಳೆದ ನೆಲ ಇದು.

ಹಾಗಾದರೆ 2000ದಲ್ಲಿ ಆ ಆದೇಶ ಯಾಕೆ ಬೇಕಾಯಿತು? 1956ರ ಏಕೀಕರಣದಲ್ಲಿ ಮೈಸೂರು ಸಂಸ್ಥಾನ, ಮುಂಬೈ ಪ್ರಾಂತ, ನಿಜಾಮರ ಹೈದರಾಬಾದ್, ಮದರಾಸು, ಕೊಡಗು ಎಂದು ಐದು ಕಡೆಯ ಕನ್ನಡಿಗರು ಒಂದಾದರು. ಒಂದಾದವರ ಜೇಬು ಒಂದೇ ಆಗಿರಲಿಲ್ಲ. ದಿವಾನರ ಆಡಳಿತದಲ್ಲಿ ಶಾಲೆ, ವಿದ್ಯುತ್ತು, ನಾಲೆ ಕಂಡ ಹಳೆ ಮೈಸೂರಿಗೂ, ನಿಜಾಮರ ಕೊನೆಯ ಅಂಚಾಗಿದ್ದ ರಾಯಚೂರು–ಕಲಬುರಗಿಗೂ ಅಂತರ ಆಗಲೇ ದೊಡ್ಡದಿತ್ತು. ಐವತ್ತು ವರ್ಷ ಸಮೀಪಿಸಿದರೂ ಅದು ಮುಚ್ಚಲಿಲ್ಲ. ಹೈದರಾಬಾದ್ ಕರ್ನಾಟಕಕ್ಕೆ 371ನೇ ವಿಧಿಯ ವಿಶೇಷ ಸ್ಥಾನ ಬೇಕೆಂದು ವೈಜನಾಥ ಪಾಟೀಲರಂಥವರು ಹೋರಾಡುತ್ತಿದ್ದರು. ಪ್ರತ್ಯೇಕ ರಾಜ್ಯದ ಮಾತು ಆಗಾಗ ಏಳುತ್ತಿತ್ತು. ಇತ್ತ ಕೃಷ್ಣ ಅವರ ಸರ್ಕಾರ 1999ರಲ್ಲಿ ಬಂದ ಕೂಡಲೇ ನಂದನ್ ನಿಲೇಕಣಿ ನೇತೃತ್ವದಲ್ಲಿ ಬೆಂಗಳೂರಿಗೊಂದು ಕಾರ್ಯಪಡೆ ಕಟ್ಟಿತ್ತು. ರಾಜಧಾನಿಗೆ ಕಾರ್ಯಪಡೆಯಾದರೆ ನಮಗೇನು ಎಂದು ಉತ್ತರದವರು ಕೇಳುವುದು ನ್ಯಾಯವೇ ಆಗಿತ್ತು.

ಆ ಹೊತ್ತಿನ ಬಿಸಿಯನ್ನೂ ನೆನೆಯಬೇಕು. 2000ದ ಜುಲೈ 30ರಂದು ವೀರಪ್ಪನ್ ಡಾ. ರಾಜ್‌ಕುಮಾರ್ ಅವರನ್ನು ಅಪಹರಿಸಿದ್ದ. ಅವರು ಬಿಡುಗಡೆಯಾಗಿದ್ದು ನವೆಂಬರ್ 15ಕ್ಕೆ. ಇಡೀ ನಾಡು ಕಾಡಿನ ಕಡೆ ಕಣ್ಣಿಟ್ಟು ಕೂತಿದ್ದ ಆ ದಿನಗಳ ನಡುವೆಯೇ ಪ್ರಾದೇಶಿಕ ಅಸಮತೋಲನ ನಿವಾರಣೆಯ ಉನ್ನತಾಧಿಕಾರ ಸಮಿತಿ ರಚನೆಯಾಯಿತು. ಅಧ್ಯಕ್ಷರಾಗಿ ನಂಜುಂಡಪ್ಪ.

ಸಮಿತಿಯ ಮುಂದೆ ಮೊದಲು ಬಂದ ಪ್ರಶ್ನೆ ಅಳತೆಯದು. ಮಹಾರಾಷ್ಟ್ರದಲ್ಲಿ ವಿ.ಎಂ. ದಾಂಡೇಕರ್ ಸಮಿತಿ 1984ರಲ್ಲೇ ಜಿಲ್ಲೆಗಳ ‘ಬಾಕಿ’ ಲೆಕ್ಕ ಹಾಕಿತ್ತು. ನಂಜುಂಡಪ್ಪ ಜಿಲ್ಲೆಯನ್ನು ಬಿಟ್ಟು ತಾಲ್ಲೂಕಿಗೆ ಇಳಿದರು. ವರದಿಯ ಜೀವ ಇರುವುದೇ ಈ ನಿರ್ಧಾರದಲ್ಲಿ. ಜಿಲ್ಲೆಯ ಸರಾಸರಿಯಲ್ಲಿ ಬಡ ತಾಲ್ಲೂಕು ಅಡಗಿ ಹೋಗುತ್ತದೆ; ‘ಉತ್ತರ’, ‘ದಕ್ಷಿಣ’ ಎಂದರೆ ಅದು ರಾಜಕೀಯದ ಕೂಗಾಗಿ ನಿಲ್ಲುತ್ತದೆ. ತಾಲ್ಲೂಕು ಹಾಗಲ್ಲ. ತಹಸೀಲ್ದಾರ್ ಕಚೇರಿ, ಆಸ್ಪತ್ರೆ, ಬಸ್ ನಿಲ್ದಾಣ, ಸಂತೆ ಎಲ್ಲ ಅಲ್ಲಿಯೇ. ಜನ ತಮ್ಮ ಊರಿನ ಏಳುಬೀಳನ್ನು ನೋಡುವುದು ಆ ಅಳತೆಯಲ್ಲೇ.

ಅಳೆದದ್ದು ಹೇಗೆಂದು ಹತ್ತಿರದಿಂದ ನೋಡೋಣ. ಆಗ ಇದ್ದ 175 ತಾಲ್ಲೂಕುಗಳಿಗೆ 35 ಸೂಚಕಗಳನ್ನು ಇಟ್ಟರು. ನೀರಾವರಿಯಾದ ಜಮೀನು ಎಷ್ಟು, ಟ್ರ್ಯಾಕ್ಟರ್ ಎಷ್ಟು, ಬ್ಯಾಂಕ್ ಶಾಖೆ ಎಷ್ಟು, ರಸ್ತೆ ಎಷ್ಟು ಉದ್ದ, ಕುಡಿಯುವ ನೀರು ಎಷ್ಟು ಹಳ್ಳಿಗೆ, ವೈದ್ಯರು ಎಷ್ಟು ಮಂದಿ, ಒಬ್ಬ ಮೇಷ್ಟರಿಗೆ ಎಷ್ಟು ಮಕ್ಕಳು, ಶಾಲೆಯ ಮುಖ ನೋಡದ ಮಕ್ಕಳು ಎಷ್ಟು, ಹೀಗೆ. ರಾಜ್ಯದ ಸರಾಸರಿಯನ್ನು 1 ಎಂದು ಹಿಡಿದು ಪ್ರತಿ ತಾಲ್ಲೂಕು ಅದರ ಪಕ್ಕದಲ್ಲಿ ಎಲ್ಲಿ ನಿಲ್ಲುತ್ತದೆ ಎಂದು ನೋಡುವುದು ಇದರ ಹುರುಳು. ಅಕ್ಷರದ ಲೆಕ್ಕವೊಂದನ್ನೇ ಉದಾಹರಣೆಗೆ ಇಟ್ಟುಕೊಳ್ಳಿ. 2001ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 66.64, ರಾಯಚೂರು ಜಿಲ್ಲೆಯದು ಶೇ 48.81. ಭಾಗಿಸಿದರೆ ಸುಮಾರು 0.73. ನಾಲೆ, ಸಕ್ಕರೆ ಕಾರ್ಖಾನೆ ಎಲ್ಲ ಇದ್ದ ಮಂಡ್ಯದ್ದೂ ಶೇ 61.05, ಅಂದರೆ 0.92. ಇಂಥ ಎಲ್ಲ ಸೂಚಕಗಳಿಗೂ ತಕ್ಕ ತೂಕ ಕೊಟ್ಟು ಒಂದು ಅಂಕೆಗೆ ಇಳಿಸಿದಾಗ ಸಿಕ್ಕಿದ್ದು ಸಮಗ್ರ ಅಭಿವೃದ್ಧಿ ಸೂಚ್ಯಂಕ.

1 ಅಥವಾ ಅದಕ್ಕೂ ಮೇಲೆ ಬಂದ ತಾಲ್ಲೂಕು 61. ಕೆಳಗೆ ಬಿದ್ದದ್ದು 114. ಅವುಗಳಲ್ಲಿ 0.89ರಿಂದ 0.99ರವರೆಗಿನ 35 ‘ಹಿಂದುಳಿದ’, 0.80ರಿಂದ 0.88ರವರೆಗಿನ 40 ‘ಅತಿ ಹಿಂದುಳಿದ’, ಅದಕ್ಕೂ ಕೆಳಗಿನ 39 ‘ಅತ್ಯಂತ ಹಿಂದುಳಿದ’. ಪಟ್ಟಿಯ ತಳದಲ್ಲಿ ದೇವದುರ್ಗ, 0.53. ಕಲಬುರಗಿ ವಿಭಾಗದ 31 ತಾಲ್ಲೂಕುಗಳಲ್ಲಿ 21 ಅತ್ಯಂತ ಹಿಂದುಳಿದವು. ಉತ್ತರದ ಕೂಗಿಗೆ ಈಗ ಅಂಕೆಯ ಸಾಕ್ಷಿ ಸಿಕ್ಕಿತು.

ದಕ್ಷಿಣದವರನ್ನು ಬೆಚ್ಚಿಬೀಳಿಸುವ ಮಾತೂ ಅದೇ ಪಟ್ಟಿಯಲ್ಲಿತ್ತು. 114ರಲ್ಲಿ 59 ಉತ್ತರದವು, 55 ದಕ್ಷಿಣದವು. ಬೆಂಗಳೂರು ವಿಭಾಗದಲ್ಲೇ 11 ತಾಲ್ಲೂಕುಗಳು ಅತ್ಯಂತ ಹಿಂದುಳಿದವು. ರಾಜಧಾನಿಯ ಮಗ್ಗುಲಿನ ಮಾಗಡಿ, ಕನಕಪುರ ಅದರಲ್ಲಿದ್ದವು. ಕುಣಿಗಲ್, ಶಿರಾ, ಪಾವಗಡ, ಮಧುಗಿರಿಯೂ ಇದ್ದವು. ಸೋಮನಹಳ್ಳಿಯಲ್ಲಿ ನಿಂತು ನೋಡಿದರೆ ಇದರ ಅರ್ಥ ಬೇಗ ಆಗುತ್ತದೆ. ಮದ್ದೂರಿನಿಂದ ತುಮಕೂರು ರಸ್ತೆ ಹಿಡಿದರೆ ಹುಲಿಯೂರುದುರ್ಗ, ಅದು ಕುಣಿಗಲ್ ತಾಲ್ಲೂಕು. ಮಳವಳ್ಳಿಯಿಂದ ಹಲಗೂರು ದಾಟಿದರೆ ಕನಕಪುರ ಸೀಮೆ. ಕಬ್ಬಿನ ಗದ್ದೆಯ ಬದು ಮುಗಿದು ರಾಗಿ ಹೊಲ, ಕಲ್ಲುಗುಡ್ಡ ಶುರುವಾಗುವ ಕಡೆಯಲ್ಲಿ ಪಟ್ಟಿಯ ಅಂಕೆಯೂ ಕುಸಿಯುತ್ತದೆ. ಮುಖ್ಯಮಂತ್ರಿಯ ಹುಟ್ಟೂರಿನ ನೆರೆಯ ತಾಲ್ಲೂಕುಗಳೇ ರಾಜ್ಯದ ಕಟ್ಟಕಡೆಯ ಸಾಲಿನಲ್ಲಿವೆ ಎಂದು ಅದೇ ಮುಖ್ಯಮಂತ್ರಿ ನೇಮಿಸಿದ ಸಮಿತಿ ಬರೆದು ಕೊಟ್ಟಿತು. ಸಲಹೆಗಾರ ನೆಟ್ಟಗೆ ನಿಂತಿದ್ದರೆ ಮಾತ್ರ ಆಗುವ ಕೆಲಸ ಇದು. ಬರೆಯಲು ಬಿಟ್ಟ ಸರ್ಕಾರಕ್ಕೂ ಆ ಗೌರವ ಸಲ್ಲಬೇಕು.

2002ರ ಜೂನ್‌ನಲ್ಲಿ ವರದಿ ಕೈಸೇರಿತು. ಎಂಟು ವರ್ಷಗಳ ವಿಶೇಷ ಅಭಿವೃದ್ಧಿ ಯೋಜನೆ, ಒಟ್ಟು 31,000 ಕೋಟಿ ರೂಪಾಯಿ, ಅದರಲ್ಲಿ 16,000 ಕೋಟಿ ಹೆಚ್ಚುವರಿ ಹಣ ಎಂದು ಸಮಿತಿ ಹೇಳಿತು. ಹಂಚಿಕೆಯನ್ನೂ ಬಿಡಿಸಿಟ್ಟಿತು: ಕಲಬುರಗಿ ವಿಭಾಗಕ್ಕೆ ಶೇ 40, ಬೆಳಗಾವಿಗೆ 20, ಬೆಂಗಳೂರಿಗೆ 25, ಮೈಸೂರಿಗೆ 15. ಉತ್ತರಕ್ಕೆ 60, ದಕ್ಷಿಣಕ್ಕೆ 40 ಎಂಬ ಮಾತು ಜನರ ಬಾಯಿಗೆ ಬಂದಿದ್ದು ಇಲ್ಲಿಂದಲೇ.

ಆದರೆ ಕಾಲ ಕೂಡಿ ಬರಲಿಲ್ಲ. ವರದಿ ಬಂದ ಎರಡೇ ತಿಂಗಳಿಗೆ ಕಾವೇರಿ ಕುದಿಯತೊಡಗಿತು. ಮಳೆ ಇಲ್ಲ, ಜಲಾಶಯದಲ್ಲಿ ನೀರಿಲ್ಲ, ತಮಿಳುನಾಡಿಗೆ ಬಿಡಬೇಕೆಂಬ ಆದೇಶ, ರಸ್ತೆಗಿಳಿದ ಮಂಡ್ಯದ ರೈತರು. ಅಕ್ಟೋಬರಿನಲ್ಲಿ ಮುಖ್ಯಮಂತ್ರಿಯೇ ಬೆಂಗಳೂರಿನಿಂದ ಮಂಡ್ಯದ ಕಡೆಗೆ ಪಾದಯಾತ್ರೆ ಹೊರಟರು. ಬರ ಮುಂದಿನ ವರ್ಷವೂ ಬಿಡಲಿಲ್ಲ. 2004ರಲ್ಲಿ ಸರ್ಕಾರವೇ ಹೋಯಿತು. 2005ರಲ್ಲಿ ನಂಜುಂಡಪ್ಪ ತೀರಿಕೊಂಡರು. ವಿಶೇಷ ಅಭಿವೃದ್ಧಿ ಯೋಜನೆಯ ಹಣ ಬಜೆಟ್ಟಿನಲ್ಲಿ ಕಾಣಿಸಿಕೊಂಡಿದ್ದು 2007–08ರಲ್ಲಿ. ಸಲಹೆ ಕೊಟ್ಟವರು ಅದನ್ನು ನೋಡಲು ಇರಲಿಲ್ಲ. ಆ ಐದು ವರ್ಷಗಳ ನಷ್ಟ ದೇವದುರ್ಗದ ಶಾಲೆಯಲ್ಲಿ ಕೂರಬೇಕಿದ್ದ ಒಂದು ತಲೆಮಾರಿನ ಮಕ್ಕಳಿಗೆ ಆದ ನಷ್ಟ. ಅದನ್ನು ಮುಂದಿನ ಯಾವ ಬಜೆಟ್ಟೂ ತುಂಬಿಕೊಟ್ಟಿಲ್ಲ.

ಮುಂದಿನದು ಹಲವರಿಗೆ ಗೊತ್ತಿರುವ ಕಥೆ. ಹೈದರಾಬಾದ್ ಕರ್ನಾಟಕಕ್ಕಾಗಿ ಸಂವಿಧಾನಕ್ಕೆ 371ಜೆ ಸೇರಿತು. 2009ರಲ್ಲಿ ಕಲಬುರಗಿಗೆ ಕೇಂದ್ರೀಯ ವಿಶ್ವವಿದ್ಯಾಲಯ ಬಂತು. ಐಐಟಿ ರಾಯಚೂರಿನಲ್ಲಿ ಆಗಬೇಕೆಂದು ನಂಜುಂಡಪ್ಪ ವರದಿ ಹೇಳಿದ್ದರೂ ಅದು 2016ರಲ್ಲಿ ಧಾರವಾಡದಲ್ಲಿ ಶುರುವಾಯಿತು. ರಾಯಚೂರಿನವರು ಇವತ್ತಿಗೂ ಏಮ್ಸ್ ಕೇಳುವಾಗ ಆ ಗಾಯವನ್ನು ನೆನೆಸುತ್ತಾರೆ. ಅತ್ಯಂತ ಹಿಂದುಳಿದ ಪಟ್ಟಿಯಲ್ಲಿದ್ದ ಹರಪನಹಳ್ಳಿ 371ಜೆ ಸೌಲಭ್ಯಕ್ಕಾಗಿ ಹೋರಾಡಿ 2018ರಲ್ಲಿ ದಾವಣಗೆರೆ ಬಿಟ್ಟು ಬಳ್ಳಾರಿಗೆ ಮರಳಿತು. ಒಂದು ತಾಲ್ಲೂಕಿನ ಜನ ತಮ್ಮ ಜಿಲ್ಲೆಯನ್ನೇ ಬದಲಿಸಿಕೊಂಡರು!

2024ರಲ್ಲಿ ಸರ್ಕಾರ ಮತ್ತೆ ಅಳೆಯಲು ಹೊರಟಿತು. ಈ ಸಲದ ಹೊಣೆ ಅರ್ಥಶಾಸ್ತ್ರಜ್ಞ ಪ್ರೊ. ಎಂ. ಗೋವಿಂದರಾವ್ ಅವರದು, 14ನೇ ಹಣಕಾಸು ಆಯೋಗದ ಸದಸ್ಯರಾಗಿದ್ದವರು. 175 ಇದ್ದ ತಾಲ್ಲೂಕುಗಳು ಒಡೆದು 230 ದಾಟಿವೆ. ಹಳೆ ಪಟ್ಟಿಯನ್ನು ಹಾಗೆಯೇ ಇಟ್ಟುಕೊಂಡು ಹಣ ಹಂಚುವಂತಿಲ್ಲ.

ಹೊಸ ಅಳತೆಗೆ ಮದ್ದೂರು, ಮಳವಳ್ಳಿ ಕಡೆಯಿಂದ ಒಂದು ಅಹವಾಲಿದೆ. ನಂಜುಂಡಪ್ಪ ಜಿಲ್ಲೆಯಿಂದ ತಾಲ್ಲೂಕಿಗೆ ಇಳಿದಂತೆ ಈಗ ತಾಲ್ಲೂಕಿನಿಂದ ಹೋಬಳಿಗೆ ಇಳಿಯಬೇಕು. ಸರ್ಕಾರದ ಕಡತದಲ್ಲಿ ನಾಲೆಯ ಅಚ್ಚುಕಟ್ಟು ಎಂದು ಬರೆದ ಜಮೀನೆಲ್ಲ ನೀರಾವರಿ ಲೆಕ್ಕಕ್ಕೆ ಬರುತ್ತದೆ, ತಾಲ್ಲೂಕಿನ ಅಂಕೆ ಮೇಲೇರುತ್ತದೆ. ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದ ರೈತರು ಮಾತ್ರ ಬೇಸಿಗೆ ಬಂದರೆ ನೀರು ಬಿಡಿ ಎಂದು ಕಚೇರಿಯ ಮುಂದೆ ಕೂರುತ್ತಾರೆ. ಮೇಲಿನ ತೂಬಿನವನ ಗದ್ದೆಯೂ ಕೊನೆ ಭಾಗದವನ ಒಣಗಿದ ಕಬ್ಬೂ ಒಂದೇ ಸೂಚಕದಲ್ಲಿ ಸೇರಿ ಹೋಗಿವೆ. ಕಾಗದದ ಅಚ್ಚುಕಟ್ಟು ಬೇರೆ, ನೀರು ಹರಿದ ಗದ್ದೆ ಬೇರೆ. ಎರಡನ್ನೂ ಬೇರೆ ಬೇರೆ ಕಾಲಂನಲ್ಲಿ ಬರೆಯಿರಿ ಎಂಬುದೇ ಕೊನೆ ಭಾಗದವರ ಬೇಡಿಕೆ.